ಮದುವೆಯಾಗಿಲ್ಲವೆಂಬ ಕಾಗದ

ಒಮ್ಮೆ ಮದುವೆಯಾಗಿ ಹೆಂಡತಿಯನ್ನು ಕಳೆದುಕೊಂಡವರ ಕಾಗದಪತ್ರಗಳು ಒಂದು ವಾರದೊಳಗೆ ಸಿದ್ಧವಾದವು. ಒಮ್ಮೆಯೂ ಮದುವೆಯಾಗದ ನನ್ನ ಕಾಗದಗಳಿಗೆ ಇಡೀ ಬೇಸಿಗೆ ರಜೆ ಹೋಯಿತು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನನಗೆ ಆಗ ನಗು ಬರುತ್ತಿರಲಿಲ್ಲ. ಈಗಲೂ ಪೂರ್ತಿ ಬರುವುದಿಲ್ಲ.

ನಾನು ಹಳಿಯಾಳದ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹಲಗೆಯ ಮೇಲೆ ಹಿಮನದಿ ಬರೆದು, ಅದು ಬೆಟ್ಟವನ್ನು ಹೇಗೆ ಉಜ್ಜುತ್ತದೆ, ಕಲ್ಲನ್ನು ಎಲ್ಲಿಂದ ಎಲ್ಲಿಗೆ ಹೊತ್ತು ತರುತ್ತದೆ ಎಂದು ಹೇಳಿದ್ದೇನೆ. ಒಂದನ್ನೂ ಕಣ್ಣಿಂದ ನೋಡಿದವಳಲ್ಲ. ಹೆಂಡತಿಯನ್ನು ಕಳೆದುಕೊಂಡವರು ಎಂದೆನಲ್ಲ, ನಾನು ಮದುವೆಯಾಗಲಿರುವ ಅವರು ದಾಂಡೇಲಿಯವರು. ಅವರ ತಂದೆ ಧಾರವಾಡದ ಕಡೆಯಿಂದ ಕಾಗದ ಕಾರ್ಖಾನೆಯ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದವರು. ಇವರು ಜೋಯಿಡಾದಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸುತ್ತಾರೆ, ದಿನವೆಲ್ಲ ಕಿಡಿಯ ಮುಂದೆ ನಿಲ್ಲುವ ಮನುಷ್ಯ. ಮದುವೆ ಎಲ್ಲಿ ಎಂಬ ಮಾತು ಬಂದಾಗ, ಶಾಮಿಯಾನದ ಕೆಳಗೆ ಬೆವರುತ್ತ ಸಾವಿರ ಜನರಿಗೆ ಕೈ ಮುಗಿಯುವುದು ತನಗೆ ಒಮ್ಮೆ ಆಗಿದೆ, ಇನ್ನೊಮ್ಮೆ ಆಗದು ಅಂದರು. ಹಾಗಾದರೆ ಹಿಮನದಿಯ ಹತ್ತಿರ ಹೋಗೋಣ ಅಂದೆ ನಾನು. ತಮಾಷೆಗೆ ಅಂದೆನೋ, ಬಹಳ ದಿನದಿಂದ ಮನಸ್ಸಿನಲ್ಲಿ ಇದ್ದದ್ದೋ, ಈಗ ಖಚಿತವಾಗಿ ಹೇಳಲಾರೆ. ಅವರಂತೂ ತಮಾಷೆ ಎಂದು ತಿಳಿಯಲಿಲ್ಲ. ಮರುದಿನವೇ ಐಸ್‌ಲ್ಯಾಂಡಿನ ಕಚೇರಿಯೊಂದಕ್ಕೆ ಮೇಲ್ ಬರೆದಿದ್ದರು.

ಅಲ್ಲಿ ಹೊರದೇಶದವರ ಮದುವೆಯನ್ನು ಜಿಲ್ಲಾಧಿಕಾರಿಯ ಕಚೇರಿಯವರೇ ಬಂದು, ಹಿಮದ ಪಕ್ಕದಲ್ಲಿ ನಿಂತು ಮಾಡಿಸುತ್ತಾರೆ. ಮುಂಡಗೋಡದ ಹತ್ತಿರದ ನಮ್ಮೂರು ಇಂದೂರಿನ ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ, "ನಮ್ಮ ಡಿ.ಸಿ. ಸಾಹೇಬ್ರು ಕಾರವಾರದಾಗ ಅದಾರಲ್ಲ, ಅವರೇನ ಬ್ಯಾಡ ಅಂದ್ರೇನು?" ಅಂದರು. ಅಣ್ಣನ ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಅಲ್ಲಿಯ ಕಚೇರಿ ಕೇಳಿದ್ದು ಹೆಚ್ಚೇನಲ್ಲ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಸದ್ಯಕ್ಕೆ ಯಾರ ಗಂಡನೂ ಯಾರ ಹೆಂಡತಿಯೂ ಅಲ್ಲ ಎಂದು ನಮ್ಮ ಸರಕಾರ ಕೊಟ್ಟ ಕಾಗದ, ಅದಕ್ಕೆ ಹೊರದೇಶದಲ್ಲಿ ನಡೆಯುವಂತೆ ಮೊದಲು ಬೆಂಗಳೂರಿನ, ಆಮೇಲೆ ದೆಹಲಿಯ ಮುದ್ರೆ. ಒಂದೇ ತೊಡಕು. ಆ ಕೊನೆಯ ಕಾಗದ ಮದುವೆಯ ಹೊತ್ತಿಗೆ ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ಬೇಗ ಮಾಡಿಸಿದರೆ ಹಳಸುತ್ತದೆ, ತಡ ಮಾಡಿದರೆ ದಿನ ತಪ್ಪುತ್ತದೆ. ನಾವು ಜೂನ್ ತಿಂಗಳ ದಿನ ಕೇಳಿ ಪಡೆದಿದ್ದೆವು. ಅಲ್ಲಿ ಆಗ ಕತ್ತಲೆಯೇ ಆಗುವುದಿಲ್ಲ. ಅದನ್ನೂ ನಾನು ಹಲಗೆಯ ಮೇಲಷ್ಟೇ ತೋರಿಸಿದ್ದೆ.

ನೆಂಟರು, ಸಹೋದ್ಯೋಗಿಗಳು ಎಲ್ಲರೂ ಒಂದೇ ಉಪಾಯ ಹೇಳಿದರು. ಇಲ್ಲೇ ಉಪನೋಂದಣಾಧಿಕಾರಿಯ ಮುಂದೆ ಸಹಿ ಹಾಕಿ, ಅಲ್ಲಿಗೆ ಹೋಗಿ ಫೋಟೋ ತೆಗೆಸಿಕೊಂಡು ಬನ್ನಿ, ಬಹಳ ಮಂದಿ ಹಾಗೇ ಮಾಡುತ್ತಾರೆ. ಒಪ್ಪಬಹುದಿತ್ತು, ಅರ್ಧ ಕಷ್ಟ ಅಲ್ಲೇ ಮುಗಿಯುತ್ತಿತ್ತು. ನಾನು ಒಪ್ಪಲಿಲ್ಲ. ಒಂದು ಸಲ, ಒಂದು ಕಡೆ, ಪೂರ್ತಿ ಮದುವೆ ಆಗಬೇಕು ಅಂದೆ. ಹಟ ಅಂದರು. ಹಟವೇ ಇರಬಹುದು. ಆದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬ ಮದುವೆಯ ಅನುಭವ ನನಗೆ ಆಗಲೇ ಒಂದು ಇತ್ತು. ಅದು ಮುಂಡಗೋಡದ ದಫ್ತರದಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಪಾಸ್‌ಪೋರ್ಟಿನಲ್ಲಿ ಖಾಯಂ ವಿಳಾಸ ಇಂದೂರಿನದು. ಆದ್ದರಿಂದ ಅರ್ಜಿ ಮುಂಡಗೋಡದ ತಾಲೂಕು ಕಚೇರಿಯಲ್ಲೇ ಕೊಡಬೇಕು. ಗುಮಾಸ್ತೆ ಕಂಪ್ಯೂಟರಿನ ಪರದೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸರಿಸಿ ನೋಡಿ, "ಮರುಮದುವಿ ಆಗಿಲ್ಲ ಅನ್ನೂದು ಐತ್ರಿ. ಮದುವಿನ ಆಗಿಲ್ಲ ಅನ್ನೂದು ಇದರಾಗ ಇಲ್ಲ" ಅಂದಳು. ಹಾಗಾದರೆ ಏನು ಮಾಡಬೇಕು ಎಂದರೆ ಬಿಳಿ ಹಾಳೆಯ ಮೇಲೆ ಬರೆದು ಕೊಡಿ ಎಂದಳು. ಬರೆದುಕೊಟ್ಟೆ. ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಸಾಹೇಬರ ಸಹಿ ಬೇಕು, ಸಾಹೇಬರು ಕಾರವಾರದ ಮೀಟಿಂಗಿಗೆ ಹೋಗಿದ್ದರು. ಮುಂದಿನ ಸಲ ಹೋದಾಗ ಸಾಹೇಬರಿದ್ದರು, ಅರ್ಜಿ ಇರಲಿಲ್ಲ. ಮತ್ತೆ ಬರೆದೆ. ಹಳಿಯಾಳದಿಂದ ಮುಂಡಗೋಡಕ್ಕೆ ಓಡಾಡುವ ಬಸ್ಸಿನ ಕಂಡಕ್ಟರು, "ಮೇಡಂ, ಟ್ರಾನ್ಸ್‌ಫರ್ ಆತೇನ್ರಿ?" ಎಂದು ಕೇಳುವಷ್ಟು ಪರಿಚಯವಾದ.

ಕೊನೆಗೆ ಅರ್ಜಿ ನಮ್ಮೂರ ಗ್ರಾಮ ಆಡಳಿತಾಧಿಕಾರಿಯ ಕೈಗೆ ಬಂತು. ನನ್ನ ವಿದ್ಯಾರ್ಥಿಗಳಷ್ಟೇ ವಯಸ್ಸಿನವನು, ಹಾವೇರಿ ಕಡೆಯವನು, ಮರ್ಯಾದೆಯ ಮನುಷ್ಯ. ಕುರ್ಚಿ ಕೊಟ್ಟ, ನೀರು ಕೊಟ್ಟ, ಆಮೇಲೆ ಒಂದು ಹಳೆಯ ಕಾಗದದ ನಕಲು ನನ್ನ ಮುಂದಿಟ್ಟ. ನಮ್ಮ ಅಜ್ಜ ತೀರಿಕೊಂಡಾಗ ಹೊಲವನ್ನು ಅಪ್ಪನ ಹೆಸರಿಗೆ ಮಾಡಲು ಕೊಟ್ಟ ವಂಶಾವಳಿ. ಅಜ್ಜನ ಕೆಳಗೆ ಅಪ್ಪ, ಅಪ್ಪನ ಕೆಳಗೆ ಅಣ್ಣ ಮತ್ತು ನಾನು. ನನ್ನ ಹೆಸರಿನ ಮುಂದೆ 'ವಿವಾಹಿತೆ' ಎಂದಿತ್ತು.

"ದಾಖಲೆದಾಗ ನಿಮ್ಮ ಲಗ್ನ ಆಗೇತ್ರಿ ಮೇಡಂ. ಯಜಮಾನ್ರು ತೀರಿದ್ರ ಮರಣದ ದಾಖಲೆ ತರ್ರಿ. ಬಿಟ್ಟಿದ್ರ ಕೋರ್ಟಿನ ಕಾಗದ ತರ್ರಿ. ಎರಡೂ ಇಲ್ಲಂದ್ರ ನಾ ಏನಂತ ರಿಪೋರ್ಟ್ ಬರೀಲಿ?"

ನನ್ನ ಮದುವೆಯೇ ಆಗಿಲ್ಲ ಎಂದೆ. ಹಾಗಾದರೆ ಇದನ್ನು ಬರೆಸಿದವರು ಯಾರು ಎಂದು ಕೇಳಿದ. ಅಪ್ಪನ ಸಹಿ ಕೆಳಗೇ ಇತ್ತು. ನಾನು ಅದನ್ನು ನೋಡುತ್ತಿದ್ದೆ, ಅವನು ನನ್ನನ್ನು ನೋಡುತ್ತಿದ್ದ. ಆ ಹೊತ್ತಿಗೆ ನನ್ನ ವಯಸ್ಸು, ಓದು, ಉದ್ಯೋಗ ಯಾವುದೂ ಉಪಯೋಗಕ್ಕೆ ಬರಲಿಲ್ಲ. ದಾರಿ ಅವನೇ ಹೇಳಿದ. ಅಂದು ಕೊಟ್ಟ ಮಾಹಿತಿ ತಪ್ಪು ಎಂದು ಅಪ್ಪ ಪ್ರಮಾಣ ಮಾಡಿ ಬರೆದುಕೊಡಬೇಕು, ಆಮೇಲೆ ಮನೆಯ ಮುಂದೆ ನೆರೆಯವರನ್ನು ಕೂಡಿಸಿ ಪಂಚನಾಮೆ ಮಾಡಬೇಕು. ಅಪ್ಪನ ಒಂದು ಸಹಿ ತಾನೇ, ಸಂಜೆಯೊಳಗೆ ಮುಗಿಯುತ್ತದೆ ಎಂದುಕೊಂಡು ಇಂದೂರಿನ ದಾರಿ ಹಿಡಿದೆ.

ಆ ಹಳೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹಳಿಯಾಳ ತಾಲೂಕಿನ ಒಂದು ಮನೆಯವರೊಡನೆ ನಿಶ್ಚಯವಾಗಿತ್ತು. ಅವರು ಬಂದು ನನ್ನ ಉಡಿ ತುಂಬಿದರು. ಸೀರೆ, ಕುಬಸದ ಖಣ, ಕಾಯಿ, ಉತ್ತತ್ತಿ. ನಮ್ಮ ಕಡೆ ಉಡಿ ತುಂಬಿದ ಮೇಲೆ ಹುಡುಗಿ ಅರ್ಧ ಆ ಮನೆಯವಳೇ. ಆ ಅವಧಿಯಲ್ಲೇ ಅಜ್ಜ ತೀರಿಕೊಂಡ, ಲಗ್ನ ಮುಂದೆ ಹೋಯಿತು, ಹೊಲದ ಕಾಗದ ಮಾತ್ರ ನಿಲ್ಲಲಿಲ್ಲ. ಹೇಗೂ ಕೊಟ್ಟ ಹೆಣ್ಣು, ಕಾಗದ ಆಗಿ ಬರುವ ಹೊತ್ತಿಗೆ ಗಂಡನ ಮನೆಯಲ್ಲಿರುತ್ತಾಳೆ ಎಂದು ಅಪ್ಪ ಹಾಗೆ ಬರೆಸಿದ್ದಾರೆ. ಮುಂದೆ ಆ ನಿಶ್ಚಯ ಮುರಿಯಿತು. ಓದು ಮುಗಿಸದೆ ಬರುವುದಿಲ್ಲ ಎಂದು ನಾನೇ ಹೇಳಿ ಮುರಿದೆ ಎಂದು ಇಷ್ಟು ವರ್ಷ ತಿಳಿದಿದ್ದೇನೆ. ಗೆಳತಿಯರಿಗೆ ಸ್ವಲ್ಪ ಜಂಬದಿಂದಲೇ ಹೇಳಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ಆಗ ಇರಲಿಲ್ಲ. ಹೀಗಾಗಿ ನನ್ನ ಮಾತಿಗೆ ನನ್ನ ಹೊರತು ಸಾಕ್ಷಿ ಇಲ್ಲ.

ಅಪ್ಪ ಗೋವಿನಜೋಳದ ಚೀಲಗಳ ಬಾಯಿ ಹೊಲಿಸುತ್ತ ಅಂಗಳದಲ್ಲಿದ್ದರು. ವಿಷಯ ಕೇಳಿ ಸಹಿ ಹಾಕುವುದಿಲ್ಲ ಎಂದರು.

"ನಾ ಸುಳ್ಳ ಬರಿಸಿಲ್ಲ."

"ಲಗ್ನ ಆಗಿತ್ತೇನಪ್ಪಾ ನಂದು?"

"ಮಾತು ಆಗಿತ್ತು. ಬ್ಯಾಡ ಅಂತ ಅವರೂ ಅನ್ನಲಿಲ್ಲ, ನಾವೂ ಅನ್ನಲಿಲ್ಲ. ಅವರ ಸೀರಿ ನಮ್ಮನಿಯಾಗ ಐತಿ. ಸೀರಿ ವಾಪಸ್ ಹೋಗೂತನಕ ಕೊಟ್ಟ ಮಾತು ಹಂಗ ಇರ್ತೈತಿ."

ಅವನಿಗೆ ಮದುವೆಯಾಗಿ ಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದಾರೆ ಎಂದೆ. ಅದು ಅವರ ಲೆಕ್ಕ ಅಂದರು. ನಾನೇ ಬೇಡ ಎಂದಿದ್ದೆನಲ್ಲ ಎಂದೆ. ಯಾರಿಗೆ ಹೇಳಿದ್ದಿ ಎಂದು ಕೇಳಿದರು. ಯಾರಿಗೆ ಹೇಳಿದ್ದೆ? ಅವ್ವನಿಗೆ ಎಂದುಕೊಂಡಿದ್ದೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತದೆ, "ನನಗೇನ ಹೇಳಿಲ್ಲವ್ವ ನೀ. ಇಬ್ರೂ ಸುಮ್ಮಕುಂತ್ರು. ಹಂಗ ಹೋತು ಅದು" ಅಂದಳು.

ಹೀಗೆ ನನ್ನ ಜೀವನದ ಒಂದು ದೊಡ್ಡ ನಿರ್ಧಾರ ಅಕ್ಕಿಯ ಕಲ್ಲಿನ ಜೊತೆ ಮೊರದಿಂದ ಆಚೆ ಬಿತ್ತು. ಅದಕ್ಕಾಗಿ ದುಃಖಪಡಲೂ ಪುರುಸೊತ್ತು ಇರಲಿಲ್ಲ. ಒಂದೊಂದು ದಿನ ಕಳೆದಂತೆ ಜೂನ್ ಹತ್ತಿರ ಬರುತ್ತಿತ್ತು. ಇದು ಬರೀ ಸರಕಾರದ ಕಾಗದ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಗೋಗರೆದೆ. ಕಾಗದ ಅಂತಲೇ ಹೇಳುತ್ತಿದ್ದೇನೆ, ಬಾಯಿಮಾತಾಗಿದ್ದರೆ ನುಂಗಬಹುದಿತ್ತು ಎಂದರು. ಸಿಟ್ಟು ತಡೆಯದೆ, ಹಾಗಾದರೆ ಆ ಸೀರೆ ಕೊಡಿ, ನಾನೇ ಒಯ್ದು ಅವರ ಬಾಗಿಲಿಗೆ ಎಸೆದು ಬರುತ್ತೇನೆ ಎಂದೆ.

"ಎಲ್ಲೈತಿ ಸೀರಿ?" ಅಂದಳು ಅವ್ವ. "ಕೌದಿ ಹೊಲದೇನಿ. ನಿಮ್ಮಪ್ಪಗ ಗೊತ್ತೈತಿ. ಅದಕ್ಕ ಆ ಕೌದಿ ಹೊದಿಯಂಗಿಲ್ಲ ಅಂವ. ಥಂಡ್ಯಾಗ ಕಂಬಳಿ ಚುಚ್ಚಿದ್ರೂ ಹೊದಿಯಂಗಿಲ್ಲ."

ಅಡ್ಡಗೋಲಿನ ಮೇಲಿದ್ದ ಕೌದಿಯನ್ನು ತಂದು ಹಾಸಿ ತೋರಿಸಿದಳು. ಹಳೆಯ ಸೀರೆ ಧೋತರಗಳ ತುಂಡುಗಳ ನಡುವೆ ಉಡಿ ತುಂಬಿದ ಸೀರೆ. ಅದು ಹಸಿರು ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಕೌದಿಯಲ್ಲಿ ಎಲ್ಲಿಯೂ ಹಸಿರು ಇರಲಿಲ್ಲ. ಅವ್ವ ಬೆರಳಿಟ್ಟು ತೋರಿಸಿದ್ದು ನೇರಳೆ ಬಣ್ಣದ ತುಂಡುಗಳು, ಅಂಚಿಗೆ ಕೆಂಪು.

ಅಪ್ಪನ ಷರತ್ತು ಇಷ್ಟೇ: ಅಂಥದೇ ಸೀರೆ ಕೊಂಡು ಆ ಮನೆಗೆ ಮುಟ್ಟಿಸಿದ ಮೇಲೆ ಸಹಿ. ಫೋನಿನಲ್ಲಿ ಇದನ್ನು ದಾಂಡೇಲಿಯವರಿಗೆ ಹೇಳುವಾಗ ನನ್ನ ದನಿ ಏರಿತ್ತು. ವಿಶ್ವವಿದ್ಯಾಲಯದ ಪದವಿ ಪಡೆದು, ಮಕ್ಕಳಿಗೆ ಪಾಠ ಹೇಳಿ, ಕೊನೆಗೆ ನೇರಳೆ ಸೀರೆ ಹಿಡಿದು ಊರೂರು ಅಲೆಯಬೇಕೇ ಎಂದೆ. ಅವರು, ತಾನೇ ಕಾರು ತರುತ್ತೇನೆ, ಬಸ್ಸಿನಲ್ಲಿ ನೀವು ಅಪ್ಪ ಮಗಳು ಜಗಳಾಡಿಕೊಂಡು ಹೋದರೆ ಕಂಡಕ್ಟರು ನಡುದಾರಿಯಲ್ಲಿ ಇಳಿಸಿಯಾನು ಎಂದರು.

ಹಳಿಯಾಳದ ಪೇಟೆಯಲ್ಲಿ ಸೀರೆ ಆರಿಸಿದವರು ಅಪ್ಪನೇ. ಅಂಗಡಿಯವನು ಮಗಳ ಲಗ್ನಕ್ಕೇನ್ರಿ ಎಂದು ಕೇಳಿದ. ಅಪ್ಪ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಆ ಊರಿಗೆ ಹೋಗುವ ದಾರಿಯ ಎರಡೂ ಬದಿ ಕಬ್ಬು. ನಾನು ಕಾರಿನಲ್ಲೇ ಕೂತೆ. ನನ್ನನ್ನು ಮದುವೆಯಾಗಲಿರುವವರು ಸ್ಟೇರಿಂಗಿನ ಮೇಲೆ ಕೈ ಇಟ್ಟು, ನನ್ನನ್ನು ಮದುವೆಯಾಗಬೇಕಿದ್ದವನ ಮನೆಯ ಹೊಸ ಗೇಟನ್ನು ನೋಡುತ್ತ, ಬೆಸುಗೆ ಚೆನ್ನಾಗಿಲ್ಲ ಎಂದರು.

ದೂರದಿಂದ ಕಂಡದ್ದಿಷ್ಟು. ಒಬ್ಬ ಹೆಂಗಸು ಬಂದು ಅಪ್ಪನಿಗೆ ಬೆಲ್ಲ, ನೀರು ಕೊಟ್ಟಳು. ಬನಿಯನ್ನು ಹಾಕಿದ ಗಂಡಸೊಬ್ಬ ಹೊರಗೆ ಬಂದ. ಅಪ್ಪ ನಿಂತೇ ಮಾತಾಡಿದರು, ಚೀಲ ಚಾಚಿದರು. ಗಂಡಸು ಹೆಂಗಸಿನ ಮುಖ ನೋಡಿದ. ಹೆಂಗಸು ಸೀರೆ ಹೊರತೆಗೆದು ಬಿಸಿಲಿಗೆ ಹಿಡಿದಳು. ಅಪ್ಪ ಟೊಪ್ಪಿಗೆ ಸರಿಮಾಡಿಕೊಂಡು ತಿರುಗಿ ಬಂದು ಹಿಂದಿನ ಸೀಟಿನಲ್ಲಿ ಕೂತರು.

"ಅವರಿಗೆ ನೆನಪ ಇಲ್ಲ," ಅಂದರು.

"ಏನು ನೆನಪಿಲ್ಲ?"

"ಉಡಿ ತುಂಬಿದ್ದು. ಯಾವ ಸೀರೀರಿ ಕಾಕಾ ಅಂದ. ಐದಾರ ಹೆಣ್ಣ ನೋಡಿದ್ವಿ, ಯಾವದಂತ ಗೊತ್ತಾಗವಲ್ತು ಅಂದ. ಹಂಗ ಕೊಟ್ಟ ಬಂದೆ."

"ಇಸ್ಕೊಂಡ್ರೇನು?"

"ಹೂಂ. ಸೀರಿ ಚೊಲೋ ಐತಿ ಅಂದ್ಳು ಆ ಹೆಣ್ಣಮಗಳು."

ಆಗ ನಾನು ಅತ್ತುಬಿಟ್ಟೆ ಎಂದು ನನ್ನ ನೆನಪು. ನಗುತ್ತಿದ್ದಿರಿ, ಬಹಳ ಜೋರಾಗಿ, ನಿಮ್ಮಪ್ಪಾರು ಬ್ಯಾಡ ಅನ್ನುವಷ್ಟು ನಗುತ್ತಿದ್ದಿರಿ ಎಂದು ಕಾರು ನಡೆಸುತ್ತಿದ್ದವರು ಹೇಳುತ್ತಾರೆ. ಅಪ್ಪನನ್ನು ಕೇಳಿಲ್ಲ.

ಅಪ್ಪ ಮಾತಿಗೆ ತಪ್ಪಲಿಲ್ಲ, ಮರುದಿನವೇ ಮುಂಡಗೋಡಕ್ಕೆ ಬಂದರು. ಆದರೆ ನೋಟರಿ ಓದಿ ಹೇಳಿದ ಕರಡಿನಲ್ಲಿ 'ತಪ್ಪು ಮಾಹಿತಿ' ಎಂಬ ಮಾತು ಬಂದ ಕೂಡಲೇ ಕೈ ಎತ್ತಿದರು. ಅವರು ಹೇಳಿದಂತೆಯೇ ಟೈಪಾಗಬೇಕಾಯಿತು: ಆಗ ಮಾತಾಗಿತ್ತು, ಲಗ್ನವಾಗಿರಲಿಲ್ಲ; ಈಗ ಮಾತೂ ಇಲ್ಲ. ಇಂಥ ಭಾಷೆ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಎಂದು ನೋಟರಿ ಗೊಣಗಿದ. ನಡೆಯಿತು.

ಪಂಚನಾಮೆಯ ದಿನ ನಮ್ಮ ಕಟ್ಟೆಯ ಮೇಲೆ ಕೂತವರಲ್ಲಿ ನಾನು ಹೆದರಿದ್ದು ಪಕ್ಕದ ಮನೆಯ ಮುದುಕಿಗೆ. ಅವಳು ನಿಶ್ಚಯದ ದಿನ ಹಾಡು ಹೇಳಿದವಳು, ಮುಚ್ಚಿಡುವ ಸ್ವಭಾವದವಳಲ್ಲ. ಹುಡುಗ ಅಧಿಕಾರಿ, ಇವರಿಗೆ ಲಗ್ನ ಆಗಿದ್ದನ್ನು ನೀವು ಕಂಡಿದ್ದೀರಾ ಎಂದು ಕೇಳಿದ. ಅವಳು ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಉಡಿ ತುಂಬಿತ್ತಪಾ. ತಲಿ ಮ್ಯಾಲ ಅಕ್ಕಿಕಾಳ ಬಿದ್ದಿಲ್ಲ. ಬಿದ್ದಿದ್ರ ನಾ ಉಣ್ಣಾಕ ಬರತಿದ್ದಿಲ್ಲೇನು?"

ಎಲ್ಲರೂ ನಕ್ಕರು. ಅವನು 'ವಿವಾಹವಾಗಿರುವುದಿಲ್ಲ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಆದರೆ ಆ ವಂಶಾವಳಿಯನ್ನು ತಿದ್ದಲು ಬೇರೆ ಅರ್ಜಿ ಬೇಕು, ಅದು ಶಿರಸಿಗೆ ಹೋಗಬೇಕು, ಈಗ ಅದನ್ನು ಹಿಡಿದರೆ ಇದು ನಿಲ್ಲುತ್ತದೆ ಎಂದ. ಬಿಟ್ಟೆ. ನಾನು ಇವತ್ತಿಗೂ ಅಜ್ಜನ ಕೆಳಗೆ, ಅಪ್ಪನ ಕೆಳಗೆ, ಹೊಲದ ಕಾಗದದಲ್ಲಿ ವಿವಾಹಿತೆ.

ಪ್ರಮಾಣಪತ್ರ ಬಂತು. ಮದುವೆಯಾಗಿಲ್ಲ ಎಂದು ದೃಢೀಕರಿಸುವ ಆ ಕಾಗದದಲ್ಲಿ ನನ್ನ ಹೆಸರಿನ ಹಿಂದೆ 'ಶ್ರೀಮತಿ' ಎಂದು ಹೊಡೆದಿದ್ದರು. ವಯಸ್ಸು ನೋಡಿ ಮರ್ಯಾದೆಗೆ ಹಾಕಿದ್ವಿ ಮೇಡಂ ಎಂದಳು ಗುಮಾಸ್ತೆ. ಅದನ್ನು ಹೊರದೇಶದವರಿಗೆ ವಿವರಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಮತ್ತೆ ಮುದ್ರಿಸಬೇಕು, ಮತ್ತೆ ಸಾಹೇಬರು ಕಾರವಾರಕ್ಕೆ. ತಿದ್ದಿದ ಕಾಗದ ಕೈಗೆ ಬಂದಾಗ ಬೆಂಗಳೂರು, ದೆಹಲಿ ಎರಡೂ ಮುದ್ರೆ ಬೀಳುವಷ್ಟು ದಿನ ಇರಲಿಲ್ಲ. ಜೂನ್ ತಿಂಗಳ ಆ ದಿನ ನಾನು ಹಳಿಯಾಳದಲ್ಲಿ ಪ್ರವೇಶಾತಿಯ ಮೇಜಿನ ಮುಂದೆ ಕೂತಿದ್ದೆ. ಕತ್ತಲೆಯಾಗದ ದೇಶದ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಅಲ್ಲಿಯ ಕಚೇರಿಯವರು ಬೇಸರ ಮಾಡಿಕೊಳ್ಳದೆ ಅಕ್ಟೋಬರ್‌ನಲ್ಲಿ ಬೇರೆ ದಿನ ಕೊಟ್ಟರು. ಆಗ ಚಳಿ ಹೆಚ್ಚು, ಗಾಳಿ ಹೆಚ್ಚು, ಬಟ್ಟೆ ಜಾಸ್ತಿ ತನ್ನಿ ಎಂದೂ ಬರೆದರು. ಅಕ್ಟೋಬರ್ ಹೊತ್ತಿಗೆ ನನ್ನ ಕಾಗದ ಹಳಸಿರುತ್ತದೆ. ಅಂದರೆ ಆಗಸ್ಟ್ ಕೊನೆಯಲ್ಲಿ ನಾನು ಮತ್ತೆ ಅದೇ ಬಸ್ಸು, ಅದೇ ಕಂಡಕ್ಟರು, ಅದೇ ಬಿಳಿ ಹಾಳೆ. ಆ ಸಲ ಹುಡುಗ ಅಧಿಕಾರಿ ಹಳೆಯ ಪಂಚನಾಮೆಯನ್ನೇ ಲಗತ್ತಿಸಿ, "ನಡುವ ಎಲ್ಲೂ ಮಾಡ್ಕೊಂಡಿಲ್ಲಲ್ರಿ ಮೇಡಂ?" ಎಂದು ಮೆಲ್ಲಗೆ ಕೇಳಿ ಬರೆದುಕೊಟ್ಟ. ದೆಹಲಿಯ ಮುದ್ರೆಯೂ ಬಿತ್ತು.

ಈಗ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಹಾಳೆಯೊಳಗಿವೆ. ನಾಳಿದ್ದು ಹೊರಡಬೇಕು. ನಿನ್ನೆ ಅಪ್ಪ ಇಂದೂರಿನಿಂದ ಬಂದರು, ಹೆಗಲ ಮೇಲೆ ಗಂಟು. ಬಿಚ್ಚಿದರೆ ಆ ಕೌದಿ. ಅಲ್ಲಿ ಹೋಟೆಲಿನಲ್ಲಿ ಎಲ್ಲ ಕೊಡುತ್ತಾರೆ, ಬಿಸಿ ಮಾಡುವ ವ್ಯವಸ್ಥೆ ಇದೆ, ವಿಮಾನದಲ್ಲಿ ತೂಕದ ಕಟ್ಟುನಿಟ್ಟಿದೆ ಎಂದು ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಒಯ್ಯಿ. ಈಗ ಅದು ನಮ್ಮದು. ಮೊನ್ನಿ ಎರಡ ದಿನ ನಾ ಹೊದ್ದು ನೋಡೇನಿ, ಬೆಚ್ಚಗೈತಿ."

ಅವರು ಹೋದ ಮೇಲೆ ಬೆಳಗಿನಿಂದ ಪೆಟ್ಟಿಗೆ ತುಂಬುತ್ತಿದ್ದೇನೆ. ಕೌದಿ ಹಾಕಿದರೆ ಕೋಟುಗಳು ಹಿಡಿಯುವುದಿಲ್ಲ, ಕೋಟು ಹಾಕಿದರೆ ಕೌದಿ ಹಿಡಿಯುವುದಿಲ್ಲ. ದಾಂಡೇಲಿಯವರು ಫೋನ್ ಮಾಡಿ, ಕೋಟು ಮೈಮೇಲೆ ಹಾಕಿಕೊಂಡೇ ಬರ್ರಿ ಅಂದರು. ಹಳಿಯಾಳದಲ್ಲಿ ಸೆಕೆ. ನಾನು ಸಿಟ್ಟಿನಿಂದ ಕೋಟುಗಳನ್ನು ಹೊರಗೆ ತೆಗೆದೆ.